ಮಡಿಯ ಉಸುಕು

ನೆಲ ಇನ್ನೂ ತನ್ನ ಹೆಸರು ಕಲಿಯುತ್ತಿದ್ದ ದಿನಗಳಲ್ಲಿ ಗಾಳವ್ವ ಎಂಬೊಬ್ಬ ಸಿರಿವಂತ ಮುದುಕಿ ಇದ್ದಳಂತೆ. ಲೋಕದ ಹೊಲಗಳಿಗೆಲ್ಲ ಸಾಕಾಗಿ ಮಿಗುವಷ್ಟು ಕಸುವು ಅವಳ ಸೆರಗಿನ ಗಂಟಿನಲ್ಲಿತ್ತು. ಆ ಗಂಟನ್ನು ಮಾತ್ರ ಅವಳು ಮೂರು ಸುತ್ತು ಬಿಗಿದು ಕಟ್ಟಿಕೊಂಡಿದ್ದಳು. ಹೊಲಗಳು ಹಸಿದು ಬಾಯಿ ಬಿಟ್ಟು ಮೇಲೆ ನೋಡುತ್ತಿದ್ದವು. ಗಾಳವ್ವ ಅವುಗಳ ತಲೆಯ ಮೇಲೆಯೇ ಅಡ್ಡಾಡುತ್ತಿದ್ದಳು, ಒಂದು ಕಾಳೂ ಉದುರಿಸುತ್ತಿರಲಿಲ್ಲ. ಸಿಡಿಲಪ್ಪ ಬಂದು ಬಡಿದರೆ ಒಂದಿಷ್ಟು ಚೆಲ್ಲುತ್ತಿತ್ತು. ತೊಗರಿಯ ಬೇರಿನಲ್ಲಿ ಮನೆ ಮಾಡಿಕೊಂಡ ಕಣ್ಣಿಗೆ ಕಾಣದ ಕಳ್ಳರು ಒಂದಿಷ್ಟು ಬಿಚ್ಚಿಕೊಂಡು ಹೋಗುತ್ತಿದ್ದರು. ದೂರ ದೇಶದವರು ದೊಡ್ಡ ದೊಡ್ಡ ಭಟ್ಟಿ ಹೂಡಿ, ಮುದುಕಿಯನ್ನು ಬೆಂಕಿಯ ಮೇಲೆ ಒತ್ತಿ ಹಿಡಿದು, ಗಂಟು ಹರಿದು, ಬಿದ್ದದ್ದನ್ನು ಯೂರಿಯಾ ಎಂದು ಚೀಲದಲ್ಲಿ ತುಂಬಿದರು. ಕಡೆಗೆ ಎಲ್ಲರಿಗಿಂತ ಚಿಕ್ಕವನಾದ ಬಿಸಿಲಪ್ಪ ಬಂದ. ನಾನು ಬಡಿಯುವವನಲ್ಲ, ಕದಿಯುವವನಲ್ಲ, ನನಗೆ ಕೂಡಲು ಒಂದು ಹಿಡಿ ಕರಿ ಉಸುಕು ಹಾಸಿಕೊಡಿ, ಗಂಟನ್ನು ಬೆರಳ ತುದಿಯಿಂದಲೇ ಬಿಚ್ಚುತ್ತೇನೆ ಎಂದ.

ಇದು ಅಜ್ಜಿ ಮೊಮ್ಮಗಳಿಗೆ ಹೇಳಿದ ಕಥೆಯಲ್ಲ, ಮೊಮ್ಮಗಳು ಅಜ್ಜಿಗೆ ಹೇಳಿದ ಕಥೆ. ಹುಟ್ಟಿದಾಗಿನಿಂದ ಅಜ್ಜಿ ಭಾಗೀರಥಿಬಾಯಿಯ ತೊಡೆಯ ಮೇಲೆ ತಲೆಯಿಟ್ಟು ರಾಜಕುಮಾರಿಯರನ್ನೂ ಮಾತಾಡುವ ಕೊಡಲಿಗಳನ್ನೂ ಕೇಳಿಸಿಕೊಂಡು ಬೆಳೆದ ಪ್ರಮಿಲಾಗೆ ಯಾವುದನ್ನೂ ಕಥೆ ಮಾಡದೆ ಹೇಳಲು ಬರುತ್ತಿರಲಿಲ್ಲ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಆಳಂದದ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆದ ಮೇಲೂ ಆ ಚಾಳಿ ಹೋಗಲಿಲ್ಲ. ಮನೆಯ ಮಾಳಿಗೆಯ ಮೇಲೆ ಪಿಂಗಾಣಿ ತಾಟುಗಳಲ್ಲಿ ಉಸುಕು ಹರಡಿಟ್ಟದ್ದು ಯಾಕೆ ಎಂದು ಅಜ್ಜಿ ಕೇಳಿದಾಗ ಅವಳು ಹೇಳಿದ್ದು ಇದನ್ನೇ.

ಉಸುಕಿನ ವಿಚಾರ ಅವಳದಲ್ಲ, ಜಗದೇವಪ್ಪ ಸರ್ ಅವರದು. ಅದೇ ಕಾಲೇಜಿನಲ್ಲಿ ಅವಳಿಗೆ ಪಾಠ ಹೇಳಿದವರು, ಈಗ ವಿಭಾಗದ ಹಿರಿಯರು. ಐವತ್ತೆರಡು ವರ್ಷವಾದರೂ ಅವರ ಹೆಸರಿನಲ್ಲಿ ಒಂದು ಪ್ರಬಂಧವೂ ಅಚ್ಚಾಗಿರಲಿಲ್ಲ. ಎಂಬತ್ನಾಲ್ಕರಲ್ಲಿ ಹೈದರಾಬಾದಿನ ಒಂದು ಗ್ರಂಥಾಲಯದಿಂದ ಅವರು ಝೆರಾಕ್ಸ್ ಮಾಡಿಸಿಕೊಂಡು ಬಂದ ಲೇಖನದಲ್ಲಿ, ಮರುಭೂಮಿಯ ಮರಳಿನ ಮೇಲೆ ಬಿಸಿಲು ಬಿದ್ದರೆ ಗಾಳಿಯ ಸಾರಜನಕ ತಾನಾಗಿಯೇ ಅಮೋನಿಯಾ ಆಗುತ್ತದೆ, ಮರಳಿನೊಳಗಿನ ಟೈಟೇನಿಯಂ ಅದಕ್ಕೆ ಹೆಪ್ಪಿನಂತೆ ಕೆಲಸ ಮಾಡುತ್ತದೆ ಎಂದಿತ್ತು. ಭೀಮೆಯ ಕರಿ ಉಸುಕಿನಲ್ಲೂ ಆ ಟೈಟೇನಿಯಂ ಇದೆ ಎಂಬುದು ಸರ್ ಅವರ ಲೆಕ್ಕ. ಬಿಸಿಲು ಬಿಟ್ಟರೆ ನಮ್ಮ ಕಡೆ ಪುಕ್ಕಟೆ ಸಿಗೋದು ಮತ್ತೇನೈತಿ, ಅದಕ್ಕಾದರೂ ಒಂದು ನೌಕರಿ ಹಚ್ಚೋಣ ಎನ್ನುತ್ತಿದ್ದರು. ಇಬ್ಬರೂ ಬಸ್ಸು ಹತ್ತಿ ಅಫಜಲಪುರ ದಾಟಿ, ಹೊಳೆಯ ದಂಡೆಗಿಳಿದು, ಎರಡು ಗೋಣಿಚೀಲ ಉಸುಕು ತುಂಬಿಕೊಂಡು ಬಂದರು. ಕಂಡಕ್ಟರು ಚೀಲ ಮುಟ್ಟಿ ನೋಡಿ, ಏನ್ರಿ ಮಾಸ್ತರೆ, ಆಳಂದದಾಗ ಹೊಳಿ ಹುಟ್ಟಸ್ತೀರೇನು ಅಂದ. ಬಸ್ಸಿನವರೆಲ್ಲ ನಕ್ಕರು. ಅಂದಿನಿಂದ ಅವರಿಗೆ ಊರಲ್ಲಿ ಉಸುಕಿನ ಮಾಸ್ತರ ಎಂಬ ಹೆಸರು ಬಿತ್ತು. ಸ್ಟಾಫ್ ರೂಮಿನಲ್ಲೂ ಅದೇ ಹೆಸರು.

ಕಾಲೇಜಿನ ಅಂಗಳದಲ್ಲಿ ಬೇವಿನ ಮರದ ನೆರಳು. ಅಲ್ಲಿಟ್ಟ ತಾಟುಗಳಲ್ಲಿ ಏನೂ ಹುಟ್ಟಲಿಲ್ಲ. ನಮ್ಮ ಮಾಳಿಗೆಗೆ ದಿನವಿಡೀ ಬಿಸಿಲು ಸರ್ ಎಂದು ಪ್ರಮಿಲಾ ಹೇಳಿದಳು. ನಿಮ್ಮ ಮನೆಯಲ್ಲಿ ದನ ಇದೆಯೇ ಎಂಬುದು ಅವರ ಮೊದಲ ಪ್ರಶ್ನೆ; ದನದ ಗಂಜಳದಿಂದಲೂ ಅಮೋನಿಯಾ ಏಳುತ್ತದೆ, ಅದು ಬೆರೆತರೆ ಎಲ್ಲಾ ಹಾಳು. ಇಲ್ಲ ಎಂದಳು. ನಿಜಕ್ಕೂ ಇರಲಿಲ್ಲ. ಪಾರಿವಾಳಗಳು ಹೊಲಸು ಮಾಡಬಾರದೆಂದು ತಾಟುಗಳ ಮೇಲೆ ತಂತಿಯ ಜಾಳಿಗೆ ಹಾಕಿದರು. ಉಸುಕನ್ನು ಆಮ್ಲದಲ್ಲಿ ತೊಳೆದು, ಮತ್ತೆ ಮತ್ತೆ ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, ಮಾಳಿಗೆಗೆ ಏರಿಸಿದರು. ದಿನಾ ಬೆಳಗ್ಗೆ ಒಂದಿಷ್ಟು ಶುದ್ಧ ನೀರು ಚಿಮುಕಿಸುವುದು. ಹತ್ತು ದಿನವಾದ ಮೇಲೆ ಉಸುಕನ್ನು ಜಾಲಾಡಿಸಿ ಆ ನೀರನ್ನು ಪ್ರಯೋಗಶಾಲೆಗೆ ಒಯ್ದು ನೆಸ್ಲರ್ ದ್ರಾವಣದ ನಾಲ್ಕು ಹನಿ ಬಿಡುವುದು. ಅಮೋನಿಯಾ ಇದ್ದರೆ ನೀರು ಹಳದಿಯಾಗುತ್ತದೆ, ಇಲ್ಲದಿದ್ದರೆ ನೀರು ನೀರಾಗಿಯೇ ಉಳಿಯುತ್ತದೆ.

ಅಜ್ಜಿಗೆ ಎರಡು ಸಂಕಟ. ಒಂದು, ಪಿಂಗಾಣಿ. ಕಂಚಲ್ಲ, ತಾಮ್ರವಲ್ಲ, ಎಷ್ಟು ತಿಕ್ಕಿದರೂ ಶುದ್ಧವಾಗದ ವಸ್ತು. ಇನ್ನೊಂದು, ಉಸುಕು ಬಂದ ಜಾಗ. ಪ್ರಮಿಲಾ ಯಾವುದೋ ಮಾತಿನ ನಡುವೆ, ಹೊಳೆ ದಂಡೆಯಲ್ಲಿ ಹೆಣ ಸುಡುವ ಜಾಗದ ಮಗ್ಗುಲಲ್ಲೇ ಒಳ್ಳೆಯ ಕರಿ ಉಸುಕು ಸಿಕ್ಕಿತು ಎಂದುಬಿಟ್ಟಿದ್ದಳು. ಅಜ್ಜಿಯ ಮುಖ ಸಣ್ಣದಾಯಿತು. ಆ ಮಾಳಿಗೆಯ ಮೇಲೇ ಅವಳ ತುಳಸಿ ಕಟ್ಟೆ ಇತ್ತು. ಅವಳು ತಾಟುಗಳನ್ನು ಎತ್ತಿ ಬದಿಗಿಟ್ಟಾಳೆಂದು ಹೆದರಿ ಪ್ರಮಿಲಾ ಅವಳ ಭಾಷೆಯಲ್ಲೇ ಹೇಳಿದಳು.

“ಹನ್ನೊಂದು ಸಲ ತೊಳದೀವಿ ಅಜ್ಜಿ. ಇವು ಈಗ ಮಡಿ ತಾಟು. ಯಾರೂ ಮುಟ್ಟೂ ಹಂಗಿಲ್ಲ. ಜರಾ ಮೈಲಿಗಿ ಆದ್ರೂ ಬಿಸಿಲಪ್ಪ ಗಂಟು ಬಿಚ್ಚೂದಿಲ್ಲ.”

ಅಜ್ಜಿ ತುಸು ಹೊತ್ತು ಉಸುಕನ್ನೇ ನೋಡಿದಳು. ಹಂಗಾದ್ರ ಮಡಿಯೊಳಗೇ ಇರ್ಲಿ ಬಿಡು ಅಂದಳು. ಆ ಮೇಲೆ ಎಂದೂ ತಕರಾರು ತೆಗೆಯಲಿಲ್ಲ. ಪ್ರಮಿಲಾಗೆ ತನ್ನ ಜಾಣತನಕ್ಕೆ ಒಳಗೊಳಗೇ ನಗು ಬಂತು.

ಮೊದಲ ಹತ್ತು ದಿನಕ್ಕೇ ನೀರು ಹಳದಿಯಾಯಿತು. ಜಗದೇವಪ್ಪ ಸರ್ ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಇನ್ನೊಮ್ಮೆ ನೋಡಿದರು. ಲ್ಯಾಬಿನ ಅಟೆಂಡರ್ ಹಸನಸಾಬ ನಳಿಕೆಯನ್ನು ಬೆಳಕಿಗೆ ಹಿಡಿದು, ಥೇಟ್ ನಿಂಬಿಹಣ್ಣಿನ ಶರಬತ್ತು ಅಂದ. ಮುಂದಿನ ಹತ್ತು ದಿನಕ್ಕೂ ಹಾಗೆಯೇ. ವರ್ಷವಿಡೀ ಹಾಗೆಯೇ. ನಡುವೆ ಶ್ರಾವಣದಲ್ಲಿ ಮಾತ್ರ ಎರಡು ಸಲ ಬಣ್ಣ ಬರಲಿಲ್ಲ. ಆಗ ಅಜ್ಜಿ ತಮ್ಮನ ಮನೆಗೆಂದು ಜೇವರ್ಗಿಗೆ ಹೋಗಿದ್ದಳು. ಮನೆ ಭಣಗುಡುತ್ತಿತ್ತು. ಮೊದಲ ಸಲ ಆಕಾಶವೂ ಮುಸುಕಿತ್ತು. ಪ್ರಮಿಲಾ ಪ್ರಯೋಗದ ಬುಕ್ಕಿನಲ್ಲಿ ‘ಮೋಡ’ ಎಂದು ಬರೆದಳು. ಎರಡನೆಯ ಸಲದ ಹತ್ತು ದಿನಗಳಲ್ಲಿ ಎಂಟು ದಿನ ಚುರುಗುಟ್ಟುವ ಬಿಸಿಲಿತ್ತು. ಆದರೂ ಅವಳ ಕೈ ಮತ್ತೆ ‘ಮೋಡ’ ಎಂದೇ ಬರೆಯಿತು.

ಬಿಸಿಲು ಬೀಳದ ಉಸುಕಿನಲ್ಲಿ ಏನೂ ಹುಟ್ಟುವುದಿಲ್ಲ ಎಂದು ತೋರಿಸಲು ಸರ್ ತಮ್ಮ ಕೋಣೆಯ ಕಪಾಟಿನಲ್ಲಿ ಒಂದು ತಾಟು ಮುಚ್ಚಿಟ್ಟಿದ್ದರು. ಅದರ ನೀರು ಎಂದೂ ಬಣ್ಣ ಕಟ್ಟಲಿಲ್ಲ. ಇಷ್ಟು ಸಾಕೆಂದು ಪ್ರಬಂಧ ಬರೆದು, ಗುಲಬರ್ಗಾದಲ್ಲಿ ಏಪ್ರಿಲ್‌ನಲ್ಲಿ ನಡೆಯಲಿದ್ದ ವಿಚಾರ ಸಂಕಿರಣಕ್ಕೆ ಕಳಿಸಿದರು. ಒಪ್ಪಿಗೆಯ ಪತ್ರ ಬಂದದ್ದು ಎಂಬತ್ತಾರರ ಜನವರಿಯಲ್ಲಿ. ಆ ವಾರವೇ ಸರ್ ಎದೆ ಹಿಡಿದುಕೊಂಡು ಕುಸಿದರು.

ಆಸ್ಪತ್ರೆಯಲ್ಲಿ ಅವಳು ಕಿತ್ತಳೆ ಹಣ್ಣು ಹಿಡಿದು ಹೋದಾಗ ಅವರು ಪತ್ರದ ಮಾತನ್ನೇ ಎತ್ತಲಿಲ್ಲ. ಅವರ ಹೆಂಡತಿ ಗುರುಶಾಂತಮ್ಮ ನೀರು ತರಲು ಹೊರಗೆ ಹೋಗುವ ತನಕ ಕಾದರು. ಆಮೇಲೆ ಮೆಲ್ಲಗೆ ಹೇಳಿದರು.

“ಮಲಕ್ಕೊಂಡಲ್ಲೇ ಒಂದು ತಪ್ಪು ಕಾಣಾಕತ್ತೈತಿ ನೋಡವಾ. ಬಿಸಿಲಿನ ತಾಟು ನಿಮ್ಮ ಮಾಳಗಿ ಮ್ಯಾಲ ಐತಿ. ಕತ್ತಲ ತಾಟು ನನ್ನ ಕಪಾಟಿನ್ಯಾಗ ಐತಿ. ಜಾಗಾನೇ ಬ್ಯಾರೆ ಆದ ಮ್ಯಾಲ ಬಿಸಿಲಿಂದೇ ಆತು ಅಂತ ಹೆಂಗ ಹೇಳೂದು? ನಿಮ್ಮ ಮಾಳಗಿ ಮ್ಯಾಲೇ ಒಂದು ತಾಟು ಮುಚ್ಚಿ ಇಡು. ಹತ್ತು ದಿನ. ಏನ್ ಬರ್ತೈತೋ ಅದನ್ನ ಅದೇ ಬುಕ್ಕಿನ್ಯಾಗ ಬರಿ.”

“ಇಡ್ತೀನ್ರಿ ಸರ್.”

“ಏನ್ ಬಂದ್ರೂ ಬರೀಬೇಕು. ಮಾತು ಕೊಡು.”

ಅವಳು ಕೊಟ್ಟಳು. ನಾಲ್ಕನೆಯ ದಿನ ಸರ್ ತೀರಿಹೋದರು.

ಕೊಟ್ಟ ಮಾತು ಬಲು ಸಣ್ಣದು. ಒಂದು ತಾಟು, ಒಂದು ತಗಡಿನ ಮುಚ್ಚಳ, ಒಂದು ಕಪ್ಪು ಬಟ್ಟೆ. ಆದರೆ ಆ ಜನವರಿ ಕಳೆದು ಫೆಬ್ರುವರಿ ಅರ್ಧವಾದರೂ ಅವಳ ಕೈ ಏಳಲಿಲ್ಲ. ಪ್ರಾಕ್ಟಿಕಲ್ ಪರೀಕ್ಷೆ ಇದೆ ಎಂದುಕೊಂಡಳು. ಸರಿಯಾದ ಕಪ್ಪು ಬಟ್ಟೆ ಸಿಕ್ಕಿಲ್ಲ ಎಂದುಕೊಂಡಳು. ಶ್ರಾವಣದ ಆ ಪುಟ ತೆರೆದಾಗಲೆಲ್ಲ ಬುಕ್ಕನ್ನು ತಟ್ಟನೆ ಮುಚ್ಚಿಬಿಡುತ್ತಿದ್ದಳು. ಬಿಸಿಲಿದ್ದೂ ಬಣ್ಣ ಬಾರದ ಎಂಟು ದಿನಗಳನ್ನು ತಾನೇ ಮೋಡದಿಂದ ಮುಚ್ಚಿದ್ದು ಅವಳಿಗೆ ಗೊತ್ತಿತ್ತಲ್ಲ.

ಅಷ್ಟರಲ್ಲಿ ಗುರುಶಾಂತಮ್ಮ ಮನೆಗೇ ಬಂದರು. ಸಂಕಿರಣದವರು ಸರ್ ಪ್ರಬಂಧವನ್ನು ಪುಸ್ತಕದ ಮೊದಲಿಗೆ ಹಾಕುತ್ತಾರಂತೆ, ಭಾವಚಿತ್ರದ ಸಮೇತ. ಅವರು ಒಬ್ಬರೇ ಇರುವ ಫೋಟೋ ಮನೆಯಲ್ಲಿ ಒಂದೂ ಇರಲಿಲ್ಲ. ಮದುವೆಯ ಫೋಟೋದಿಂದ ತಮ್ಮನ್ನು ತಾವೇ ಕತ್ತರಿಸಿ ತೆಗೆದು ಉಳಿದದ್ದನ್ನು ಕೊಟ್ಟಿದ್ದರು. ಕತ್ತರಿಸಿದರೂ ತಮ್ಮ ಮೊಣಕೈ ಒಂದು ಮೂಲೆಯಲ್ಲಿ ಉಳಿದುಬಿಟ್ಟಿದೆ, ಅಚ್ಚಿನಲ್ಲಿ ಕಂಡೀತೇ ಎಂದು ಕೇಳಿದರು. ಕಾಣುವುದಿಲ್ಲ ಎಂದಳು ಪ್ರಮಿಲಾ. ಹೋಗುವಾಗ ಹೊಸಿಲ ಬಳಿ ನಿಂತು ಅವರು ಹೇಳಿದ್ದು ಒಂದೇ ಮಾತು: ಉಸುಕಿನ ಮಾಸ್ತರ ಅಂತ ನಕ್ಕವರ ಕೈಗೆಲ್ಲ ಒಂದೊಂದು ಪುಸ್ತಕ ಕೊಟ್ಟು ಬರ್ತೇನಿ, ಅಷ್ಟಾದ್ರ ಸಾಕು ನನಗ.

ಮರುದಿನ ಕಾಲೇಜಿಗೆ ರಜೆ. ಎಂದಿನಂತೆ ನಸುಕಿನಲ್ಲಿ ಉಸುಕಿಗೆ ನೀರು ಚಿಮುಕಿಸಿ ಕೆಳಗಿಳಿದ ಪ್ರಮಿಲಾ, ಸ್ನಾನಕ್ಕೆ ಹೋಗುವ ಬದಲು ಬುಕ್ಕು ಹಿಡಿದು ಮತ್ತೆ ಮೆಟ್ಟಿಲು ಹತ್ತಿದಳು. ಇವತ್ತು ಮುಚ್ಚಿದ ತಾಟು ಇಟ್ಟೇಬಿಡುತ್ತೇನೆ ಎಂದು ನಿಶ್ಚಯಿಸಿದ್ದಳು. ಮೇಲೆ ಅಜ್ಜಿ ಇದ್ದಳು. ಒದ್ದೆ ಸೀರೆ, ಕೈಯಲ್ಲಿ ಸಣ್ಣ ತಂಬಿಗೆ. ತುಳಸಿಗೆ ನೀರೆರೆದು ಆಗಿತ್ತು. ಈಗ ಅವಳು ತಾಟುಗಳ ಮುಂದೆ ಬಗ್ಗಿ, ತಂಬಿಗೆಯಲ್ಲಿ ದರ್ಭೆ ಅದ್ದಿ, ಜಾಳಿಗೆಯ ಮೇಲಿನಿಂದಲೇ ಉಸುಕಿಗೆ ಪ್ರೋಕ್ಷಣೆ ಮಾಡುತ್ತಿದ್ದಳು. ಮೂರು ಸಲ ಅದ್ದುವುದು, ಮೂರು ಸಲ ಚಿಮುಕಿಸುವುದು. ತುಟಿ ಅಲುಗುತ್ತಿತ್ತು. ಒಂದು ತಾಟು ಮುಗಿದ ಮೇಲೆ ಇನ್ನೊಂದು.

ಪ್ರಮಿಲಾ ಹತ್ತಿರ ಬಂದು ಕೇಳಿದಳು.

“ಅಜ್ಜಿ, ಅದರಾಗ ಏನದ?”

“ಗೋಮೂತ್ರ. ಬಾಜೂ ಮನಿ ಮಲ್ಕಮ್ಮನ ಆಕಳದ್ದು. ಜರಾ ನೀರು ಬೆರಸೀನಿ.”

“ಎಷ್ಟು ದಿನಾ ಆತು, ಹಿಂಗ ಹಾಕ್ಲಿಕ್ಕೆ ಹತ್ತಿ?”

“ನೀ ತಾಟು ಇಟ್ಟ ಮರುದಿನದಿಂದ. ನೀನೇ ಹೇಳಿದ್ದಲ್ಲ ಪ್ರಮೀ, ಮೈಲಿಗಿ ಆದ್ರ ಗಂಟು ಬಿಚ್ಚೂದಿಲ್ಲ ಅಂತ? ಮಸಣದ ದಂಡಿ ಉಸುಕು, ಮ್ಯಾಲ ಪಿಂಗಾಣಿ. ಬರೇ ನೀರಿಗೆ ಶುದ್ಧ ಆಗ್ತದೇನು? ನಾ ಏನೂ ಮುಟ್ಟಿಲ್ಲವಾ. ದೂರದಿಂದಲೇ ಹಾಕ್ತೀನಿ.”

ಅಜ್ಜಿ ಇನ್ನೊಂದು ಮಾತು ಸೇರಿಸಿದಳು. “ಜೇವರ್ಗಿಗೆ ಹೋದಾಗ ಅದೊಂದು ಕೊರತಿ ಆತು. ಬಂದ ಮ್ಯಾಲ ನಿನ್ನ ಮುಖ ನೋಡಿದೆ. ಅಂದೇ ತಿಳಕೊಂಡೆ, ನಾ ಇಲ್ಲದಾಗ ಏನೋ ಕೆಟ್ಟದ ಅಂತ.”

ಪ್ರಮಿಲಾ ಮಾಳಿಗೆಯ ಮೋಟುಗೋಡೆಯ ಮೇಲೆ ಕೂತಳು. ಕೆಳಗೆ ಓಣಿಯಲ್ಲಿ ಮಲ್ಕಮ್ಮ ಆಕಳ ಮೈ ತಿಕ್ಕುತ್ತಿದ್ದಳು. ಬಿಸಿಲು ಏರುತ್ತಿತ್ತು, ತಾಟುಗಳ ಅಂಚು ಹೊಳೆಯತೊಡಗಿದ್ದವು. ಒಂದು ವರ್ಷದ ಹಳದಿ ಎಲ್ಲಿಂದ ಬಂತೆಂದು ಇನ್ನು ಯಾವ ದ್ರಾವಣವನ್ನೂ ಕೇಳಬೇಕಾಗಿರಲಿಲ್ಲ. ಅಜ್ಜಿಯ ಮೇಲೆ ಸಿಟ್ಟು ಬರಲಿ ಎಂದು ಕಾದಳು, ಬರಲಿಲ್ಲ. ಶುದ್ಧ ಎಂಬ ಮಾತನ್ನು ಅಜ್ಜಿಯ ಕೈಗೆ ಕೊಟ್ಟವಳು ತಾನು. ಅಜ್ಜಿ ಆ ಮಾತನ್ನು ತನಗೆ ತಿಳಿದಂತೆ, ಊರಲ್ಲಿದ್ದಷ್ಟು ದಿನ ಒಮ್ಮೆಯೂ ತಪ್ಪದೆ, ಮೊಣಕಾಲು ನೋಯಿಸಿಕೊಂಡು ಹದಿನೆಂಟು ಮೆಟ್ಟಿಲು ಹತ್ತಿ ನಡೆಸಿಕೊಟ್ಟಿದ್ದಳು.

ಆ ದಿನ ತಾಟು ಇಡಲಿಲ್ಲ. ಮರುದಿನವೂ ಇಡಲಿಲ್ಲ. ಇದು ಗೊತ್ತಿರುವವರು ಇಬ್ಬರೇ; ಅವರಲ್ಲಿ ಒಬ್ಬಳಾದ ಅಜ್ಜಿಗೆ ತನಗೆ ಗೊತ್ತಿದೆ ಎಂಬುದೇ ಗೊತ್ತಿಲ್ಲ. ಪುಸ್ತಕ ಅಚ್ಚಾಗಲಿ, ಫೋಟೋ ಬರಲಿ, ಗುರುಶಾಂತಮ್ಮ ಮನೆಮನೆಗೆ ಹಂಚಲಿ, ಯಾರಿಗೇನು ನಷ್ಟ? ಆಳಂದದ ಮಾಳಿಗೆಯ ಉಸುಕನ್ನು ಯಾರು ಬಂದು ಜಾಲಾಡಿಸುತ್ತಾರೆ? ಆದರೆ ಯಾರಾದರೂ ಬಂದರೆ? ಯಾವುದೋ ಊರಿನ ಯಾವನೋ ಮೇಷ್ಟ್ರು ಇದನ್ನು ಓದಿ, ಬಸ್ಸಿನವರ ನಗೆ ಕೇಳುತ್ತ, ಗೋಣಿಚೀಲ ಹೊತ್ತುಕೊಂಡು ಮಾಳಿಗೆ ಹತ್ತಿದರೆ? ಅವನ ನೀರು ನೀರಾಗಿಯೇ ಉಳಿದಾಗ ಅವನು ತನ್ನ ಕೈಯಲ್ಲೇ ತಪ್ಪಿದೆ ಎಂದುಕೊಂಡು ವರ್ಷಗಟ್ಟಲೆ ತೊಳೆಯುತ್ತ ಕೂಡುತ್ತಾನೆ.

ಮೂರನೆಯ ದಿನ ಗುರುಶಾಂತಮ್ಮನ ಮನೆಗೆ ಹೋಗಿ ಇದ್ದದ್ದನ್ನೆಲ್ಲ ಹೇಳಿದಳು. ಆಸ್ಪತ್ರೆಯಲ್ಲಿ ಕೊಟ್ಟ ಮಾತನ್ನೂ, ಅಜ್ಜಿಯ ತಂಬಿಗೆಯನ್ನೂ. ಅವರು ಜೋಳ ಹಸನು ಮಾಡುತ್ತ ಕೂತಿದ್ದರು. ಕೇಳುತ್ತಲೇ ಮೊರದಿಂದ ಒಂದೊಂದು ಕಲ್ಲು ಆರಿಸಿ ಹೊರಗೆ ಹಾಕಿದರು.

“ಮುಚ್ಚಿದ ತಾಟು ಇಡಬ್ಯಾಡ,” ಅಂದರು ಕಡೆಗೆ. “ಕೇಳಿದವರೇ ಹೋಗ್ಯಾರ. ಇಟ್ಟರ ನೋಡವರ್ಯಾರು?”

“ನಾ ನೋಡ್ತೀನಲ್ರಿ ಅಮ್ಮಾರ.”

“ನಿಂದೇನು ಹೋಗ್ತೈತಿ. ನಿನಗ ಇನ್ನೂ ನಲವತ್ತು ವರ್ಷ ಐತಿ, ಹತ್ತು ಪ್ರಬಂಧ ಬರೀತಿ. ಅವರಿಗೆ ಇದೊಂದೇ.”

ಪ್ರಮಿಲಾ ಎದ್ದು ಬಂದಳು. ಬೆನ್ನ ಹಿಂದೆ ಕಲ್ಲು ಆರಿಸುವ ಸದ್ದು ನಿಂತಿತ್ತು.

ಮಾರನೆಯ ಬೆಳಗ್ಗೆ ಅವಳು ಹೊಸದಾಗಿ ತೊಳೆದ ಉಸುಕಿನ ಮೂರು ತಾಟು ಏರಿಸಿದಳು. ಒಂದು ಎಂದಿನಂತೆ ತೆರೆದದ್ದು. ಒಂದಕ್ಕೆ ತಗಡಿನ ಮುಚ್ಚಳ, ಮೇಲೆ ಕಪ್ಪು ಬಟ್ಟೆ. ಮೂರನೆಯದನ್ನು ಮಾಳಿಗೆಯ ಆಚೆ ತುದಿಯಲ್ಲಿ ತುಂಬು ಬಿಸಿಲಿಗಿಟ್ಟಳು. ಅಜ್ಜಿ ತಂಬಿಗೆ ಹಿಡಿದು ಬರುವ ತನಕ ಅಲ್ಲೇ ನಿಂತಳು.

“ಇವೆರಡಕ್ಕೂ ಹಾಕಜ್ಜಿ, ಎಂದಿನ ಹಂಗ. ಮುಚ್ಚಿದ್ದನ್ನ ನಾ ತೆಗೆದು ಹಿಡೀತೀನಿ. ಆಚಿದಕ್ಕ ಬ್ಯಾಡ.”

“ಅದು ಯಾಕ ಬ್ಯಾಡ? ಅದೇನು ಪಾಪ ಮಾಡೇದ?”

“ಅದು ಬ್ಯಾರೆ ಕಥಿ.”

ಅಜ್ಜಿ ಕಣ್ಣು ಕಿರಿದು ಮಾಡಿ ಮೊಮ್ಮಗಳ ಮುಖವನ್ನೇ ನೋಡಿದಳು. ತಾನು ಮಾಡಿದ್ದರಲ್ಲಿ ಏನಾದರೂ ತಪ್ಪಾಯಿತೇ ಎಂದು ಕೇಳಿದಳು. ಇಲ್ಲ ಎಂದಳು ಪ್ರಮಿಲಾ. ಜೀವಮಾನದಲ್ಲಿ ಅಜ್ಜಿಗೆ ಅವಳು ಹೇಳಿದ ಸುಳ್ಳುಗಳಲ್ಲಿ ಇದು ಎಷ್ಟನೆಯದೋ, ಭಾರವಾದದ್ದು ಮಾತ್ರ ಇದೊಂದೇ. ಅಜ್ಜಿ ದರ್ಭೆ ಅದ್ದಿದಳು. ಮುಚ್ಚಳ ಎತ್ತಿ ಹಿಡಿದ ಪ್ರಮಿಲಾಳ ನೆರಳು ಉಸುಕಿನ ಮೇಲೆ ಬಿದ್ದಿತ್ತು; ಬಿಸಿಲು ತಾಗದಂತೆ ಅವಳು ಇನ್ನಷ್ಟು ಬಗ್ಗಿದಳು. ಮೂರು ಸಲ. ಮತ್ತೆ ಮುಚ್ಚಿದಳು. ಹೀಗೆ ಹತ್ತು ಬೆಳಗು ನಡೆಯಿತು. ಆ ಹತ್ತೂ ದಿನ ಆಕಾಶದಲ್ಲಿ ಅಂಗೈಯಗಲ ಮೋಡ ಇರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ, ಮೂರು ಸೀಸೆಗಳಲ್ಲಿ ಜಾಲಾಡಿಸಿದ ನೀರು ಹಿಡಿದು ಅವಳು ಲ್ಯಾಬಿಗೆ ಬಂದಾಗ ಗುರುಶಾಂತಮ್ಮ ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದರು. ಹಸನಸಾಬ ಅವರಿಗೆ ಚಹಾ ತಂದಿಟ್ಟಿದ್ದ, ಅದು ಕೆನೆಗಟ್ಟಿ ಹಾಗೇ ಇತ್ತು. ದಿನ ಹೇಗೆ ಗೊತ್ತಾಯಿತು ಎಂದು ಪ್ರಮಿಲಾ ಕೇಳಲಿಲ್ಲ. ಹತ್ತು ದಿನ ಲೆಕ್ಕ ಹಾಕುವುದು ದೊಡ್ಡದೇನಲ್ಲ.

“ನನ್ನ ಮುಂದ ಮಾಡು,” ಅಂದರು ಅವರು.

ಹಸನಸಾಬ ಮೂರು ನಳಿಕೆಗಳನ್ನು ಎರಡೆರಡು ಸಲ ತೊಳೆದು ಸ್ಟ್ಯಾಂಡಿಗೆ ಇಟ್ಟ. ಪ್ರಮಿಲಾ ಮೂರಕ್ಕೂ ಅಳೆದು ನೀರು ಹಾಕಿದಳು. ಮೊದಲು ಆಚೆ ತುದಿಯ ತಾಟಿನದು. ನಾಲ್ಕು ಹನಿ ಬಿಟ್ಟಳು. ಹತ್ತು ದಿನದ ಬಿಸಿಲು ಕುಡಿದ ನೀರು ನೀರಾಗಿಯೇ ಉಳಿಯಿತು. ಎರಡನೆಯದು ಎಂದಿನ ತಾಟಿನದು. ಅದು ಹಳದಿಯಾಯಿತು.

ಮೂರನೆಯ ನಳಿಕೆಗೂ ಎಣಿಸಿ ನಾಲ್ಕು ಹನಿ ಬಿಟ್ಟಳು. ಬಣ್ಣ ನಳಿಕೆಯ ಬಾಯಿಯಿಂದ ಕೆಳಗಿಳಿಯುತ್ತ, ತಳ ಮುಟ್ಟಿ, ಹರಡಿ ನಿಂತಿತು. ಎರಡನೆಯದಕ್ಕೂ ಇದಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

“ಮುಚ್ಚಿದ್ದು ಇದೇ ಏನು?” ಎಂದು ಗುರುಶಾಂತಮ್ಮ ಕೇಳಿದರು.

“ಹೌದ್ರಿ.”

“ಅವರಿಗೆ ಗೊತ್ತಿತ್ತೇನು, ಹಿಂಗ ಆಗ್ತೈತಿ ಅಂತ?”

ಪ್ರಮಿಲಾ ಆಸ್ಪತ್ರೆಯ ಆ ಮಧ್ಯಾಹ್ನವನ್ನು ನೆನೆದಳು. ಹೆಂಡತಿ ಹೊರಗೆ ಹೋಗಲೆಂದು ಅವರು ಕಾದದ್ದನ್ನು ನೆನೆದಳು. “ಸಂಶಯ ಇತ್ತರಿ,” ಅಂದಳು. “ಅದಕ್ಕೇ ಮಾತು ತಗೊಂಡ್ರು.”

ಗುರುಶಾಂತಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಸಂಕಿರಣದವರಿಗೆ ತಾವೇ ಹೇಳಿ ಫೋಟೋ ವಾಪಸು ತರಿಸಿಕೊಳ್ಳುತ್ತೇನೆ, ಅದೊಂದೇ ಇರುವುದು ಎಂದರು. ಬಾಗಿಲ ತನಕ ಹೋದವರು ಅಲ್ಲೇ ನಿಂತು, ಅವಳು ಮುಗಿಸಲೆಂದು ಕಾದರು.

ಪ್ರಮಿಲಾ ಬುಕ್ಕು ತೆರೆದಳು. ಶ್ರಾವಣದ ಪುಟಕ್ಕೆ ಹೋಗಿ, ಎರಡನೆಯ ‘ಮೋಡ’ವನ್ನು ಒಂದು ಗೆರೆ ಎಳೆದು ಹೊಡೆದುಹಾಕಿ ‘ಎಂಟು ದಿನ ಬಿಸಿಲು’ ಎಂದು ಬರೆದಳು. ಆಮೇಲೆ ಖಾಲಿ ಪುಟದಲ್ಲಿ ತಾರೀಖು ಹಾಕಿದಳು. ತಾಟು ಮೂರು, ದಿನ ಹತ್ತು, ಮೋಡ ಇಲ್ಲ. ಪ್ರೋಕ್ಷಣೆ ಇಲ್ಲದ ತೆರೆದ ತಾಟು: ಬಣ್ಣ ಇಲ್ಲ. ಪ್ರೋಕ್ಷಣೆ ಮಾಡಿದ ತೆರೆದ ತಾಟು: ಹಳದಿ. ಪ್ರೋಕ್ಷಣೆ ಮಾಡಿದ ಮುಚ್ಚಿದ ತಾಟು, ಎಂದು ಬರೆದು, ಪೆನ್ನಿನಲ್ಲಿ ಮಸಿ ಇದೆಯೇ ಎಂದು ನೋಡಿದಳು, ಇತ್ತು. ಹಳದಿ, ಎಂದು ಬರೆದಳು.